ಕರಿಬೇವಿನ ಗಿಡದ ಮೇಲೆ ಕಂಡದ್ದು ಯಾವ ಚಿಟ್ಟೆ?

ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕೆಗಳಿರುವ, ಬಾಲವುಳ್ಳ ಕಪ್ಪು ಚಿಟ್ಟೆಯು ಕರಿಬೇವಿನ ಚಿಗುರಿನ ಮೇಲೆ ಮೊಟ್ಟೆಯಿಟ್ಟಿತೆಂದು ನೀವು ಬರೆದಿರುವುದರಿಂದ, ಅದು ನೀವು ಊಹಿಸಿದ ಕ್ರಿಮ್ಸನ್ ರೋಸ್ ಚಿಟ್ಟೆಯಾಗಿರದೆ, ಅದರ ವೇಷ ಧರಿಸುವ ಕಾಮನ್ ಮಾರ್ಮನ್ ಹೆಣ್ಣಾಗಿರುವ ಸಾಧ್ಯತೆಯೇ ಹೆಚ್ಚು. ಮೊದಲು ನೀವು ತೆಗೆದ ಚಿಟ್ಟೆಯ ಚಿತ್ರವನ್ನು ಹಿಗ್ಗಿಸಿ ಹೊಟ್ಟೆಯ ಭಾಗವನ್ನು ನೋಡಿ: ಕಪ್ಪಾಗಿದ್ದರೆ ಮಾರ್ಮನ್, ಕೆಂಪಾಗಿದ್ದರೆ ರೋಸ್. ರೆಕ್ಕೆಯ ಬಣ್ಣವನ್ನು ನಂಬಬೇಡಿ. ಹಕ್ಕಿಗಳೇ ಅದಕ್ಕೆ ಮೋಸಹೋಗುತ್ತವೆ. ದೇಹವು ಚಿತ್ರದಲ್ಲಿ ಮರೆಯಾಗಿದ್ದರೆ ನಾನು ಖಚಿತವಾಗಿ ಹೇಳಲಾರೆ. ಆಗ ಒಂದು ವಾರ ಬಿಟ್ಟು, ಅದೇ ಚಿಗುರಿನಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳುಗಳನ್ನು ಹುಡುಕಿ. ರೋಸ್‌ನ ಹುಳುಗಳು ಈಶ್ವರಿ ಬಳ್ಳಿಯ ಜಾತಿಯ ಗಿಡಗಳನ್ನು ಮಾತ್ರ ತಿನ್ನುತ್ತವೆ. ಮಾರ್ಮನ್ ಹುಳುಗಳಿಗೆ ಕರಿಬೇವು, ನಿಂಬೆಗಳಿರುವ ಹಿತ್ತಲೇ ಸಾಕು. ಇನ್ನೊಂದು ಜಾತಿಯಾದ ನಿಂಬೆ ಚಿಟ್ಟೆಯ ಮರಿಗಳೂ ಹೀಗೆಯೇ ಇರುವುದರಿಂದ, ಒಂದೆರಡನ್ನು ಎಲೆಯ ಸಮೇತ ಗಾಳಿಯಾಡುವ ಡಬ್ಬಿಯಲ್ಲಿಟ್ಟು, ದಿನವೂ ಹೊಸ ಎಲೆ ಹಾಕುತ್ತ ಚಿಟ್ಟೆಯಾಗುವವರೆಗೆ ಸಾಕಿ ನೋಡಿ.