ಗೃಹಜ್ಯೋತಿ ಇರುವಾಗ ಸೋಲಾರ್ ಹಾಕ್ಸದಾ, 2028ರ ಎಲೆಕ್ಷನ್ ತನಕ ಕಾಯದಾ?

ಹೀಗಂತ ಕೇಳಿದೀರಿ. ನಿಮ್ದು ತೀರ್ಥಹಳ್ಳಿ, ನಮ್ದು ಸಾಗರದ ಕಡೆ, ನೀವು ಬರೆದಿರೋದ್ರಲ್ಲಿ ಉಳಿದಿದ್ದೆಲ್ಲ ನನ್ ಕತೆನೇ. ರಾಜ್ಯದ ಫ್ರೀ ಕರೆಂಟ್ ಸ್ಕೀಮು ಗೃಹಜ್ಯೋತಿಲಿ ಬಿಲ್ ಸೊನ್ನೆ ಬರ್ತಿದೆ, ಆ ಕಡೆ ಚಾವಣಿ ಸೋಲಾರಿಗೆ ಕೇಂದ್ರ ಕೊಡೋ ಸೂರ್ಯಘರ್ ಸಬ್ಸಿಡಿ ಆಸೆ, ಸರ್ಕಾರ ಬದಲಾದ್ರೆ ಎರಡೂ ಹೋಗತ್ತಾ ಅಂತ ಹೆದ್ರಿಕೆ. ಸರ್ಕಾರ ಬದಲಾಗ್ದೇನೇ ನಾನು ಕೈ ಸುಟ್ಕಂಡೆ ಮಾರಾಯ್ರೆ.

2013ರ ಅಕ್ಟೋಬರಲ್ಲಿ ಕೆಇಆರ್‌ಸಿ, ಅಂದ್ರೆ ವಿದ್ಯುತ್ ನಿಯಂತ್ರಣ ಆಯೋಗ, ಚಾವಣಿ ಸೋಲಾರಿಗೆ ಸಬ್ಸಿಡಿ ತಗಳ್ದೇ ಇದ್ರೆ ಯೂನಿಟ್ಟಿಗೆ 9.56 ರೂಪಾಯಿ ಅಂತ ರೇಟ್ ಮಾಡಿತ್ತು. ನಾವು ಬಳಸಿ ಮಿಕ್ಕಿದ್ದನ್ನ ಲೈನಿಗೆ ಬಿಟ್ರೆ ಆ ದುಡ್ಡು, ಅಗ್ರಿಮೆಂಟು 25 ವರ್ಷಕ್ಕೆ. ಇನ್ನು ಅಡಿಕೆ ಯಾಕೆ ಬೇಕು, ಕರೆಂಟೇ ಬೆಳ್ಯನ ಅಂತ ಊರಲ್ಲೆಲ್ಲ ತಮಾಷೆ ನಡೀತಿತ್ತು. ನಾನು 2015ರ ಕೊನೇಲಿ ಸೊಸೈಟಿ ಸಾಲ ತೆಗ್ದು 10 ಕಿಲೋವ್ಯಾಟಿಗೆ ಸೈನ್ ಹಾಕ್ದೆ.

ಎಡವಟ್ಟಾಗಿದ್ದು ಎಲ್ಲಿ ಅಂದ್ರೆ, ಸೈನ್ ಹಾಕಿದ ದಿನಾನೇ ರೇಟ್ ನಮ್ದಾಯ್ತು ಅಂದ್ಕಂಡೆ. ಅಗ್ರಿಮೆಂಟಲ್ಲಿ ರೇಟ್ ಇದ್ದ ಸಾಲು ಓದಿದ್ದೆ, ಇಷ್ಟು ತಿಂಗಳೊಳಗೆ ಚಾಲೂ ಆಗಿ ಗ್ರಿಡ್ಡಿಗೆ ಸೇರ್ಬೇಕು, ತಪ್ಪಿದ್ರೆ ಚಾಲೂ ಆದ ದಿನ ಎಷ್ಟಿರತ್ತೋ ಅದೇ ರೇಟು ಅನ್ನೋ ಸಾಲು ಓದಿರ್ಲಿಲ್ಲ. ಓದಿದ್ರೆ ಸುಗ್ಗಿ ಮುಗೀಲಿ ಅಂತ ಕೂರ್ತಿರ್ಲಿಲ್ಲ. ಹಂಚಿನ ಮಾಡು ಆ ಭಾರ ತಡೆಯಲ್ಲ, ಹಾಗಾಗಿ ಅಂಗಳದ ಮೇಲೆ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ ಪ್ಯಾನೆಲ್ ಕೂರಿಸ್ಬೇಕಿತ್ತು, ಆದ್ರೆ ಬೇಯಿಸಿದ ಅಡಿಕೆ ಒಣಗೋದೂ ಅದೇ ಅಂಗಳದಲ್ಲಿ. "ನಿನ್ ಪ್ಯಾನೆಲ್ ನೆರಳಲ್ಲಿ ಅಡಿಕೆ ಹರವದಾ, ಬೂಸ್ಟು ಹಿಡೀಲಿ ಅಂತನಾ?" ಅಂದ್ರು ಅಪ್ಪಯ್ಯ. ಅವರು ಹೇಳಿದ್ದು ಸರಿನೇ ಇತ್ತು, ತೋಟಕ್ಕೆ ಸೊಪ್ಪು ತರೋ ಗುಡ್ಡ ಇದ್ಯಲ್ಲ, ಆ ಸೊಪ್ಪಿನಬೆಟ್ಟದ ಅಂಚಿಗೆ ಸ್ಟ್ಯಾಂಡ್ ಹಾಕಿ ಉದ್ದ ಕೇಬಲ್ ಎಳೆದಿದ್ರೆ ಆಗ್ತಿತ್ತು, ಕೇಬಲ್ ಖರ್ಚು ಉಳಿಸಕ್ಕೆ ಹೋದೆ. ಶಿವರಾತ್ರಿ ಆಯ್ತು, ಆಮೇಲೆ ಕಂಟ್ರಾಕ್ಟರ್ ಸ್ಟ್ಯಾಂಡ್ ವೆಲ್ಡಿಂಗ್ ಮಾಡಿ ಮಾಯ ಆದ, ಇನ್ವರ್ಟರ್ ಇವತ್ತು ಬರತ್ತೆ ನಾಳೆ ಬರತ್ತೆ, ಅದು ಬಂದ್ರೆ ಮೀಟರ್ ಟೆಸ್ಟಿಂಗ್ ಬಾಕಿ. 2016ರ ಮೇ 2ಕ್ಕೆ ಹೊಸ ಆದೇಶ ಬಂತು, 10 ಕಿಲೋವ್ಯಾಟ್ ತನಕ 7.08 ರೂಪಾಯಿ. ನಮ್ದು ಚಾಲೂ ಆಗಿದ್ದು ಗಡುವು ಕಳೆದು, ಮಳೆ ಹಿಡಿದ ಮೇಲೆ.

ಯೂನಿಟ್ಟಿಗೆ 2.48 ರೂಪಾಯಿ ಕಮ್ಮಿ. ವರ್ಷಕ್ಕೆ ಹತ್ತು ಸಾವಿರ ಯೂನಿಟ್ ಹೊರಗೆ ಹೋಗತ್ತೆ ಅಂದ್ರೂ 24,800, ಅದನ್ನ 25 ವರ್ಷಕ್ಕೆ ಹಾಕಿ ನೋಡಿ, 6 ಲಕ್ಷದ ಮೇಲೆ. ಸಾಲದ ಕಂತು ಮಾತ್ರ 9.56ರ ಲೆಕ್ಕದಲ್ಲೇ ಕಟ್ಟಿದ್ದು.

ಆಗ ಆಯೋಗಕ್ಕೆ ಬೈದಿದ್ದೆ, ಈಗ ಬೈಯಲ್ಲ. ಪ್ಯಾನೆಲ್ ರೇಟ್ ಬೀಳ್ತಾ ಇತ್ತು, ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕಿನ ಕರೆಂಟು ಇನ್ನೂ ಅಗ್ಗಕ್ಕೆ ಬರೋದಿತ್ತು, ನನಗೆ 9.56 ಕೊಡ್ತಾ ಹೋದ್ರೆ ಅದು ಕೊನೆಗೆ ಪಕ್ಕದ ಮನೆಯವರ ಬಿಲ್ಲಿಗೇ ಬೀಳೋದು.

ಗಮನಿಸಿ, 2013ರ ರೇಟ್ ಬಂದಾಗ್ಲೂ ಸಿದ್ದರಾಮಯ್ಯನೋರೇ ಮುಖ್ಯಮಂತ್ರಿ, 2016ರಲ್ಲಿ ಇಳಿದಾಗ್ಲೂ ಅವ್ರೇ. ಅದೇ 2008ರಲ್ಲಿ ನಮ್ಮ ಜಿಲ್ಲೆಯವ್ರೇ ಆದ ಯಡಿಯೂರಪ್ಪನೋರು 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಫ್ರೀ ಮಾಡಿದ್ದು ನೋಡಿ, ಆಮೇಲೆ ಎಷ್ಟು ಸರ್ಕಾರ ಬಂತು, ಯಾರಾದ್ರೂ ಮುಟ್ಟಿದ್ರಾ? ವೋಟು ಹಾಕೋರ ಕಣ್ಣಿಗೆ ಕಾಣೋ ಸ್ಕೀಮನ್ನ ತೆಗ್ಯಕ್ಕೆ ಯಾವ ಪಾರ್ಟಿಗೂ ಧೈರ್ಯ ಇಲ್ಲ, ಆದೇಶದ ಐವತ್ತನೇ ಪುಟದಲ್ಲಿರೋ ರೇಟು ಮಾತ್ರ ಯಾರಿದ್ರೂ ಬದಲಾಗತ್ತೆ. ಹಾಗಾಗಿ ಎಲೆಕ್ಷನ್ ಕಾಯೋದ್ರಲ್ಲಿ ಅರ್ಥ ಇಲ್ಲ.

ಈಗ ನಿಮ್ ವಿಷಯ. ತಿಂಗಳಿಗೆ 200 ಯೂನಿಟ್ ಒಳಗೇ, ನಿಮ್ಮ ಗೃಹಜ್ಯೋತಿ ಮಿತಿ ಒಳಗೇ ಇದ್ರೆ ಹಾಕಿಸ್ಲೇಬೇಡಿ. ರಾಜ್ಯದವ್ರು ಬಿಲ್ ಸೊನ್ನೆ ಮಾಡಿದಾರೆ, ಅದೇ ಬಿಲ್ಲನ್ನ ಸೊನ್ನೆ ಮಾಡ್ಕಳಿ ಅಂತ ಕೇಂದ್ರದವ್ರು 3 ಕಿಲೋವ್ಯಾಟಿಗೆ 78,000 ಕೊಡ್ತಾರೆ, ಇಲ್ಲದ ಬಿಲ್ಲಿಗೆ ನೀವು ಕೈಯಿಂದ ಉಳಿದ ದುಡ್ಡು ಎಂತಕ್ಕೆ ಹಾಕ್ತೀರಿ? 200 ದಾಟಿದ್ರೆ ಪೂರ್ತಿ ಬಿಲ್ ಬರತ್ತೆ, ಎಲೆಕ್ಟ್ರಿಕ್ ಕಾರು ತಗಳೋರು, ಕಮರ್ಷಿಯಲ್ ಮೀಟರಲ್ಲಿ ಹೋಂಸ್ಟೇ ನಡೆಸೋರು, ಇಂಥೋರ ಲೆಕ್ಕ ಬೇರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್, ಅಂದ್ರೆ ಲೈನಿಗೇ ಸೇರಿಸಿದ ಸೋಲಾರೂ ಆಫ್ ಆಗತ್ತೆ, ಏಜೆಂಟ್ ಇದನ್ನ ಬಾಯ್ಬಿಟ್ಟು ಹೇಳಲ್ಲ.

ಹಾಕಿಸೋದೇ ಆದ್ರೆ ಏಜೆಂಟ್ ಹತ್ರ ಮೊದ್ಲು ಕೇಳ್ಬೇಕಾದ್ದು, ಚಾಲೂ ಆಗೋ ಗಡುವು ಯಾವಾಗ, ತಪ್ಪಿದ್ರೆ ಯಾವ ರೇಟು. ಬಾಯಲ್ಲಿ ಹೇಳಿದ್ರೆ ಆಗಲ್ಲ, ಬರ್ಕೊಡಿ ಅನ್ನಿ. ಏಜೆಂಟಿಗೆ ಕೊನೇ ಕಂತು ನೆಟ್ ಮೀಟರ್, ಅಂದ್ರೆ ಬರೋ ಹೋಗೋ ಕರೆಂಟು ಎರಡನ್ನೂ ಅಳೆಯೋ ಮೀಟರ್, ತಿರುಗಿದ ಮೇಲೇ ಕೊಡಿ.