ಐವತ್ತು ವರ್ಷ ಏನು ಮಾಡುತ್ತಿದ್ದರು?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಗದಗ ಸೀಮೆಯ ಪೇಟಿ (ಹಾರ್ಮೋನಿಯಂ) ಮಾಸ್ತರರೊಬ್ಬರ ಬಗ್ಗೆ ಆರು ಪುಟದ ಲೇಖನ ಓದಿದೆ. ನಾಲ್ಕು ಪುಟ ಅಜ್ಜಿಯ ಬೀಸುಕಲ್ಲು, ಊರ ಭಜನೆ, ನಾಟಕ ಕಂಪನಿಯ ಅಲೆದಾಟಕ್ಕೇ ಹೋಗಿದೆ. ಅವರು ಕಟ್ಟಿದ ಹಾಡುಗಳ ವಿಚಾರ ಕೊನೆಯಲ್ಲಿ ಚೂರುಪಾರು. ಮೊದಲ ಹಾಡು ಬರೆದದ್ದೇ 51ನೆಯ ವಯಸ್ಸಿನಲ್ಲಂತೆ. ಪ್ರತಿಭೆ ಇದ್ದವರು ಅಷ್ಟು ಕಾಯುತ್ತಾರೆಯೇ? ಅಲ್ಲಿಯವರೆಗೆ ಬಾಡಿಗೆಗೆ ಪೇಟಿ ಬಾರಿಸಿದ್ದನ್ನು ಸಾಧನೆ ಎನ್ನಬೇಕೇ? ಗದಗಿನ ಭೀಮಸೇನ ಜೋಶಿಯವರಿಗೆ ಯಾವ ಬೀಸುಕಲ್ಲು ಬೇಕಾಗಿತ್ತು?
(ರಾಣೆಬೆನ್ನೂರಿನ ಓದುಗರು. ಹೆಸರು ಬೇಡವೆಂದು ಕೋರಿದ್ದಾರೆ.)

ಸಂಪಾದಕರ ಉತ್ತರ:

ಮಾನ್ಯರೇ, ಮೊದಲು ತಪ್ಪೊಪ್ಪಿಗೆ. ಮಾಸ್ತರರ ಒಂದು ಹಾಡನ್ನಾದರೂ ನಾವು ಪೂರ್ತಿಯಾಗಿ ಅಚ್ಚು ಹಾಕಬೇಕಿತ್ತು. ಕೊನೆಯ ಗಳಿಗೆಯಲ್ಲಿ ಬಿತ್ತನೆ ಬೀಜದ ಜಾಹೀರಾತೊಂದು ಬಂತು, ಹಾಡು ಹೊರಗೆ ಹೋಯಿತು. ಜಾಹೀರಾತು ಒಳಗೆ ಬಂದಾಗ ಎದ್ದು ಹೋಗುವುದು ಪದ್ಯವೇ, ಸಂಪಾದಕೀಯವಲ್ಲ. ಇಷ್ಟಕ್ಕೆ ನನ್ನ ಒಪ್ಪಿಗೆ ಮುಗಿಯಿತು.

ಭೀಮಸೇನರ ಹೆಸರನ್ನು ನೀವಾಗಿಯೇ ಎತ್ತಿ ನನಗೆ ಉಪಕಾರ ಮಾಡಿದ್ದೀರಿ. ಗದಗಿನ ಓಣಿಯಲ್ಲಿ ಭಜನೆಯವರೋ ಬಾಜಾ ಬಜಂತ್ರಿಯವರೋ ಹೊರಟರೆ ಈ ಹುಡುಗ ಅವರ ಬೆನ್ನು ಹತ್ತುತ್ತಿದ್ದ. ದಣಿದು ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಸಾಕಾದ ತಂದೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರಂತೆ, ಸಿಕ್ಕವರು ಮನೆಗೆ ಮುಟ್ಟಿಸಲಿ ಎಂದು. ಮೊದಲ ಪಾಠ ಹೇಳಿದವರು ಕುರ್ತಕೋಟಿಯ ಅಗಸರ ಚನ್ನಪ್ಪನವರು. ಆಮೇಲೆ ಅಂಗಡಿಯೊಂದರಲ್ಲಿ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನರ ಠುಮರಿಯ ಗ್ರಾಮಫೋನ್ ತಟ್ಟೆ ಕಿವಿಗೆ ಬಿತ್ತು. 1933ರಲ್ಲಿ, 11ನೆಯ ವಯಸ್ಸಿಗೆ, ಮನೆ ಬಿಟ್ಟು ಓಡಿದರು. ಗ್ವಾಲಿಯರ್, ಜಲಂಧರ ಎಂದು ಉತ್ತರವೆಲ್ಲ ತಿರುಗಿ ಕೊನೆಗೆ ಶಿಷ್ಯವೃತ್ತಿಗೆ ಕುಳಿತದ್ದೆಲ್ಲಿ? ಹುಬ್ಬಳ್ಳಿ ದಾಟಿದರೆ ಸಿಗುವ ಕುಂದಗೋಳದಲ್ಲಿ, ಅದೇ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಮುಂದೆ. ಬಾಲಕನ ಬೆನ್ನ ಮೇಲಿನ ಆ ಬರಹವನ್ನು ಅಳಿಸಿ, ಬರಿ ಪ್ರತಿಭೆಯನ್ನು ಮಾತ್ರ ಉಳಿಸಿಕೊಡಿ ಎಂದು ನೀವು ಕೇಳುತ್ತಿದ್ದೀರಿ.

ಇನ್ನು 'ಬಾಡಿಗೆ'. ಈ ಮಾತು ನನಗೆ ಚುಚ್ಚಿತು. ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಹಾಕಿ ಹಾಡಿದವರು. 'ಸವಾಯಿ ಗಂಧರ್ವ' ಎಂಬ ಅವರ ಬಿರುದು ಕೂಡ ನಾಟಕದಿಂದಲೇ ಬಂದದ್ದು. ಮಲ್ಲಿಕಾರ್ಜುನ ಮನಸೂರರು ಎಳೆಯ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದವರು. ಹಾವೇರಿ ಜಿಲ್ಲೆಯಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ಮಕ್ಕಳ ಅನ್ನಕ್ಕಾಗಿ ನಾಟಕ ಬರೆದು ಕಂಪನಿ ನಡೆಸಿದರು. ಶಿಶುವಿನಹಾಳದ ಶರೀಫರೂ ಶಾಲಾ ಮಾಸ್ತರಿಕೆ ಮಾಡಿದವರೇ. ಮೊಹರಮ್ಮಿನ ಹೆಜ್ಜೆಮೇಳದವರಿಗೆ ಕರ್ಬಲಾದ ಕಥೆಯ ರಿವಾಯತ ಪದ ಕಟ್ಟಿಕೊಟ್ಟವರೇ. ಕುಣಿಯುವವರ ಕಾಲಿಗೆ ಒಪ್ಪದ ಪದವನ್ನು ಯಾವ ಮೇಳ ಒಪ್ಪುತ್ತದೆ? ಸಂತೆಯ ದಿನ ಪದ ಬೇಕೆಂದರೆ ಸಂತೆಯ ದಿನವೇ ಬೇಕು. ಸ್ಫೂರ್ತಿ ಬರಲಿ ಎಂದು ಗೋಡೆ ನೋಡುತ್ತ ಕೂರುವ ಸೌಲಭ್ಯ ನಮ್ಮ ಕಡೆಯ ಯಾವ ಹಾಡುಗಾರನಿಗೂ ಇರಲಿಲ್ಲ. ಇಲ್ಲದ್ದೇ ಒಳ್ಳೆಯದಾಯಿತೆಂದು ನನ್ನ ನಂಬಿಕೆ.

ಮಾಸ್ತರರ ಮನೆಗೆ ಲೇಖಕರೊಂದಿಗೆ ನಾನೂ ಹೋಗಿದ್ದೆ. ಲೇಖನದಲ್ಲಿ ಬಾರದ ಒಂದು ಸಂಗತಿ ಹೇಳುತ್ತೇನೆ. ಅವರ ಅಜ್ಜಿ ನಸುಕಿನಲ್ಲಿ ಜೋಳ ಬೀಸುವಾಗ ಇವರು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ತ್ರಿಪದಿಯ ಎರಡನೆಯ ಸಾಲನ್ನು ಅವಳು ಎರಡು ಸಲ ಹೇಳಿ ಮೂರನೆಯದಕ್ಕೆ ಹೋಗುತ್ತಿದ್ದಳು. ನಡುವೆ ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಬೇಕಲ್ಲ, ಆಗ ಒಂದು ಕ್ಷಣ ಹಾಡು ನಿಲ್ಲುತ್ತಿತ್ತು, ಕಲ್ಲು ಮಾತ್ರ ತಿರುಗುತ್ತಿತ್ತು. "ನನ್ನ ಎಲ್ಲ ಪದಗಳಲ್ಲೂ ಆ ಹಿಡಿ ಜೋಳದ ಜಾಗ ಬಿಟ್ಟಿದ್ದೇನೆ, ಹಾಡುವವರು ಅದನ್ನು ಉಸಿರಿಗೆಂದು ತಿಳಿದಿದ್ದಾರೆ" ಎಂದು ಮಾಸ್ತರರು ನಕ್ಕರು. ನಿಮ್ಮ ಪ್ರಕಾರ ನಾವು ಬೀಸುಕಲ್ಲಿಗೆ ಹೆಚ್ಚು ಜಾಗ ಕೊಟ್ಟೆವು. ನನಗೀಗ ಕಡಿಮೆಯಾಯಿತೆಂದು ಅನ್ನಿಸುತ್ತಿದೆ.

ಆ ದಿನ ಅವರ ಮುಂದೆ ಅರ್ಧ ಬರೆದ ಹಾಡೊಂದಿತ್ತು. 'ಬದುವಿನ ಮೇಲೆ ಮಳೆ ನಿಂತಿತು' ಎಂಬ ಸಾಲು. ಪೇಟಿಯ ತಿದಿ ಒತ್ತಿ ಎರಡು ಸಲ ಹಾಡಿದರು. ಮುಖ ಹುಳ್ಳಗಾಯಿತು. 'ಮಳೆ'ಯನ್ನು ಹೊಡೆದು 'ಮೋಡ' ಎಂದು ಬರೆದರು. ಅರ್ಥ ಬದಲಾಯಿತಲ್ಲ ಎಂದೆ. "ಆಗಲಿ ಬಿಡಿ. 'ಮಳೆ'ಯಲ್ಲಿ ಎರಡೂ ಗಿಡ್ಡ ಅಕ್ಷರ, ಹಾಡುವವನಿಗೆ ಕಾಲೂರಲು ಎಡೆಯಿಲ್ಲ. 'ಮೋ' ಎಂದರೆ ಮೀಂಡ್ ಎಳೆಯಬಹುದು, ಸ್ವರದಿಂದ ಸ್ವರಕ್ಕೆ ಜಾರಬಹುದು. ನನ್ನ ಪೇಟಿ ಜಾರುವುದಿಲ್ಲ, ಮೆಟ್ಟಿಲು ಹತ್ತಿದಂತೆ ಸ್ವರದಿಂದ ಸ್ವರಕ್ಕೆ ಹತ್ತುತ್ತದೆ. ಅದಕ್ಕೆ ಮಾತಿನಲ್ಲಾದರೂ ಜಾರಲು ಜಾಗ ಇಡಬೇಕು" ಎಂದರು. ಇಪ್ಪತ್ತೈದನೆಯ ವಯಸ್ಸಿನ ಕವಿಗೆ ಇದು ಹೊಳೆಯುವುದಿಲ್ಲ, ಮಾನ್ಯರೇ. ನೂರಾರು ಗಂಟಲುಗಳ ಹಿಂದೆ ಕುಳಿತು, ಯಾರಿಗೆ ಎಲ್ಲಿ ಉಸಿರು ಸಾಲದು, ಯಾವ ಅಕ್ಷರದ ಮೇಲೆ ಸ್ವರ ಮುರಿಯುತ್ತದೆ ಎಂದು ನೋಡಿದವರಿಗೆ ಮಾತ್ರ ಹೊಳೆಯುತ್ತದೆ. ಐವತ್ತು ವರ್ಷ ಅವರು ಇದನ್ನೇ ಮಾಡುತ್ತಿದ್ದರು.

ಪೇಟಿ ಜಾರುವುದಿಲ್ಲ, ಅದರ ಸ್ವರಗಳು ನಮ್ಮ ಶ್ರುತಿಗೆ ಸರಿಯಾಗಿ ಕೂಡುವುದಿಲ್ಲ ಎಂಬ ಕೊರತೆಗಳಿಗಾಗಿ ಆಕಾಶವಾಣಿಯವರು 1940ರಲ್ಲಿ ಅದನ್ನು ಹೊರಗಿಟ್ಟದ್ದು. ನಿಷೇಧ ಸಡಿಲವಾದದ್ದು 1971ರಲ್ಲಿ. ಧಾರವಾಡ ನಿಲಯ ಶುರುವಾದದ್ದು 1950ರಲ್ಲಿ. ಲೆಕ್ಕ ಹಾಕಿ: ಎರಡು ದಶಕ ನಮ್ಮ ಧಾರವಾಡದ ನಿಲಯದಲ್ಲಿ ಹಾಡುಗಾರರಿಗೆ ಸಾಥ್ ಕೊಡುವ ಯೋಗ ಪೇಟಿಗೆ ಇರಲಿಲ್ಲ. ಮಾಸ್ತರರ ಗುರುಗಳು ಬಂಡಿಯಲ್ಲಿ ಪೇಟಿ ಹೇರಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋದವರು. ರೇಡಿಯೋದಲ್ಲಿ ಅವರ ಬೆರಳು ಒಮ್ಮೆಯೂ ಕೇಳಿಬರಲಿಲ್ಲ. ಶ್ರುತಿಶುದ್ಧಿಯ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಅದರಲ್ಲಿ ಹುರುಳಿದೆ. ಆದರೆ ಹಳ್ಳಿಯ ಭಜನೆಗೆ, ನಾಟಕ ಕಂಪನಿಯ ವಾದ್ಯಮೇಳಕ್ಕೆ ಸ್ವರ ಜಾರಿಸಬಲ್ಲ ಸಾರಂಗಿಯವರನ್ನು ಎಲ್ಲಿಂದ ತರುತ್ತಿದ್ದರು?

ಹೊರಗಿಡುವ ಚಟ ಇನ್ನೂ ಹೋಗಿಲ್ಲ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಸಂಸ್ಥೆಯೊಂದು ನನ್ನನ್ನು ಸಂಗೀತ ಸಂಜೆಗೆ ಅತಿಥಿಯಾಗಿ ಕರೆದಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಹದಿನೇಳು ಹೆಸರು: ಉದ್ಘಾಟಕರು, ಅಧ್ಯಕ್ಷರು, ಉಪಸ್ಥಿತರು, ದೀಪ ಹಚ್ಚುವವರು, ಮಾಲೆ ತಂದವರು. ಗಾಯಕರ ಹೆಸರಿನ ಮುಂದೆ 'ಮತ್ತು ಸಂಗಡಿಗರು'. ಆ ಸಂಗಡಿಗರಲ್ಲಿ ಒಬ್ಬರು ಮೂವತ್ತು ವರ್ಷ ತಬಲಾ ಬಾರಿಸಿದವರು. ನನಗೆ ಶಾಲು, ಹಣ್ಣಿನ ಬುಟ್ಟಿ, ಒಂದು ಗಂಟೆ ಭಾಷಣ ಮಾಡಲು ಅವಕಾಶ. ಅವರಿಗೆ ಮೆಟ್ಟಿಲ ಕೆಳಗೆ ನಿಲ್ಲಿಸಿ ಒಂದು ಲಕೋಟೆ. ನಾನು ಭಾಷಣ ಮಾಡಿದೆ ಎಂಬುದು ನನ್ನ ನಾಚಿಕೆ. ಅವರ ಹೆಸರನ್ನು ನಾನೂ ಎತ್ತಲಿಲ್ಲ. ಅಂದಿನಿಂದ ನಮ್ಮ ಪತ್ರಿಕೆಯಲ್ಲಿ 'ಮತ್ತು ಸಂಗಡಿಗರು' ಎಂಬ ಮಾತನ್ನು ಕತ್ತರಿಸಿ ಹೆಸರು ಕೇಳಿ ಹಾಕಬೇಕೆಂದು ಉಪಸಂಪಾದಕರಿಗೆ ಹೇಳಿಟ್ಟಿದ್ದೇನೆ. ಒಂದೆರಡು ಸಲ ಅವರೂ ಮರೆತಿದ್ದಾರೆ.

ಈಗಂತೂ ಮದುವೆ ಮನೆಯಲ್ಲಿ ಸಂಗಡಿಗರೇ ಬೇಡವಾಗಿದ್ದಾರೆ. ಮೊಬೈಲಿನಿಂದ ಟ್ರ್ಯಾಕ್ ಹಚ್ಚಿದರೆ ತಬಲಾ, ಕೊಳಲು, ಪಿಟೀಲು ಎಲ್ಲ ಸಿದ್ಧ. ಹಾಡುಗಾರ ಉಸಿರು ತೆಗೆದುಕೊಂಡರೂ ಟ್ರ್ಯಾಕ್ ನಿಲ್ಲುವುದಿಲ್ಲ. ಹಿಡಿ ಜೋಳ ಹಾಕುವ ತನಕ ಕಾಯುವುದು ಅದಕ್ಕೆ ಗೊತ್ತಿಲ್ಲ. ಟಿವಿಯ ಸ್ಪರ್ಧೆಗಳಲ್ಲಿ ಎಂಟು ವರ್ಷದ ಮಕ್ಕಳು ದೊಡ್ಡವರ ಹಾಡನ್ನು ದೊಡ್ಡವರಂತೆಯೇ ಹಾಡುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಆ ಮಗು ಯಾವ ಭಜನೆಯ ಬೆನ್ನು ಹತ್ತಿತ್ತು, ಯಾರ ಮನೆಯ ಕಟ್ಟೆಯ ಮೇಲೆ ನಿದ್ದೆ ಹೋಗಿತ್ತು ಎಂದು ಯಾರೂ ಕೇಳುವುದಿಲ್ಲ. ನೀವು ಕೂಡ, ಕ್ಷಮಿಸಿ, ಅದನ್ನೇ ಬಿಟ್ಟುಬಿಡಿ ಎನ್ನುತ್ತಿದ್ದೀರಿ. ಆದರೂ ಆರು ಪುಟವನ್ನು ಪೂರ್ತಿ ಓದಿ, ಯಾವುದಕ್ಕೆ ಎಷ್ಟು ಪುಟ ಎಂದು ಎಣಿಸಿದವರು ನೀವೊಬ್ಬರೇ. ನಿಮ್ಮಂಥ ಓದುಗರಿಗೆ ಬೈಯುವಾಗಲೂ ನನಗೆ ಖುಷಿಯೇ.

ಹೋದ ಸಲ ಬಿಟ್ಟುಹೋದ ಹಾಡು ಈ ಸಂಚಿಕೆಯಲ್ಲಿದೆ, ಮೋಡವನ್ನೂ ಸೇರಿಸಿ. ನಿಮ್ಮ ಪತ್ರವನ್ನು ಮಾಸ್ತರರಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ, 'ಬಾಡಿಗೆ' ಎಂಬ ಮಾತನ್ನೂ ಬಿಡದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ರಾಣೆಬೆನ್ನೂರಿನವರು ಹಾಡುತ್ತಾರೇನು? ಯಾವ ಪಟ್ಟಿಯ ಶ್ರುತಿಯಲ್ಲಿ?" ಎಂದು ಕೇಳಿದರು.