ಇತಿಹಾಸ ಬಿ.ಎ.ಗೆ ಮೈನರ್ ಯಾವುದು ತಗೊಳ್ಳಲಿ? ಕಾಸರಗೋಡಿನಿಂದ ಒಂದು ಉತ್ತರ

ಕನ್ನಡ ಮಾಧ್ಯಮದಲ್ಲಿ ಪ್ಲಸ್ ಟು ಮುಗಿಸಿ, ಕಣ್ಣೂರು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜಿನಲ್ಲಿ ಇತಿಹಾಸ ಬಿ.ಎ.ಗೆ ಸೇರಿದ್ದೀರಿ. ಮೈನರ್, ಎಂಡಿಸಿ ಅಂತ ಏನೇನೋ ತುಂಬಿಸಲು ಹೇಳಿದ್ದಾರೆ, ಯಾವುದು ಆರಿಸಲಿ, ನೋಂದಣಿ ಹೇಗೆ ಎಂದು ಕೇಳಿದ್ದೀರಿ. ಮನೆಯವರು "ಮಾರ್ಕ್ ಸುಲಭವಾಗಿ ಸಿಗುವುದು ತಗೋ" ಅನ್ನುತ್ತಾರೆ ಅಂತಲೂ ಬರೆದಿದ್ದೀರಿ.

ನಾನು ಪೆರ್ಲದ ಕಡೆಯವಳು. ಹಳೆಯ ಸ್ಕೀಮಿನಲ್ಲಿ ಇತಿಹಾಸ ಓದಿದೆ, ಈಗ ಹೈಯರ್ ಸೆಕೆಂಡರಿಯಲ್ಲಿ ಅದನ್ನೇ ಪಾಠ ಮಾಡುತ್ತೇನೆ. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದ ಮೇಲೆ ನನ್ನ ಮಕ್ಕಳು ಇದೇ ಪ್ರಶ್ನೆ ಹಿಡಿದುಕೊಂಡು ಮನೆಗೇ ಬರುತ್ತಾರೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಲೆಕ್ಕ ಚಿಕ್ಕದಾಗಿ ಮುಗಿಸೋಣ. ಮೂರು ವರ್ಷಕ್ಕೆ ನಿಲ್ಲಿಸಿದರೆ 133 ಕ್ರೆಡಿಟ್, ನಾಲ್ಕು ವರ್ಷ ಪೂರ್ತಿ ಓದಿದರೆ 177. ಮೇಜರ್, ಅಂದರೆ ನಿಮ್ಮ ಮುಖ್ಯ ವಿಷಯ, ಇತಿಹಾಸ. ಅದರ ಜೊತೆಗೆ ಮೊದಲ ವರ್ಷ ಎರಡು ಮೈನರ್, ಅಂದರೆ ಪೂರಕವಾಗಿ ಓದುವ ವಿಷಯ. ಎಂಡಿಸಿ (ಮಲ್ಟಿ ಡಿಸಿಪ್ಲಿನರಿ ಕೋರ್ಸ್) ಅಂದರೆ ನಿಮ್ಮ ಮೇಜರ್, ಮೈನರ್ ಎರಡರ ಹೊರಗಿನ ಬೇರೊಂದು ವಿಷಯದ ಪರಿಚಯದ ಪೇಪರ್. ಎಇಸಿ (ಎಬಿಲಿಟಿ ಎನ್‌ಹ್ಯಾನ್ಸ್‌ಮೆಂಟ್ ಕೋರ್ಸ್) ಅಂದರೆ ಭಾಷೆ, ಒಂದು ಇಂಗ್ಲಿಷ್, ಇನ್ನೊಂದು ನಿಮ್ಮ ಆಯ್ಕೆ. ಇತಿಹಾಸ ಹಿಡಿಸಲಿಲ್ಲ ಅಂದರೆ ಮೊದಲ ವರ್ಷ ಮುಗಿದ ಮೇಲೆ, ಸೀಟು ಇದ್ದರೆ, ಮೇಜರ್ ಬದಲಾಯಿಸಲೂ ಅವಕಾಶ ಇದೆ. ಹಾಗಾಗಿ ಹೆದರಬೇಡಿ. ಆದರೆ ಸುಮ್ನೆ ತುಂಬಿಸಲೂ ಬೇಡಿ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದು. ಇತಿಹಾಸದ ವಿದ್ಯಾರ್ಥಿ ಮೈನರ್ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಪೇಪರ್ ಓದಿದರೆ ನನಗೆ ಯಾವ ಹಳೆ ಕಾಗದ ಓದಲು ಬರುತ್ತದೆ? ನಮ್ಮ ಕಡೆಯ ಮಕ್ಕಳಿಗೆ ಈ ಪ್ರಶ್ನೆ ಇನ್ನೂ ಜಾಸ್ತಿ ಮುಖ್ಯ.

ಒಂದು ಉದಾಹರಣೆ ಕೊಡುತ್ತೇನೆ. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಅಜ್ಜಿಯ ಟ್ರಂಕಿನಿಂದ ಒಂದು ಮೂಲಗೇಣಿ ಚೀಟು, ಅಂದರೆ ಜಮೀನನ್ನು ಕಾಯಂ ಗೇಣಿಗೆ ಕೊಟ್ಟ ಪತ್ರ, ಸಿಕ್ಕಿತು. ನಾಲ್ಕು ಮಡಿಕೆ ಮಾಡಿದ ಛಾಪಾ ಕಾಗದ, ಮಡಿಕೆಯ ಗೆರೆಯಲ್ಲಿ ಹರಿದಿತ್ತು, ಶಾಯಿ ಕಂದಾಗಿತ್ತು. ಕನ್ನಡವೇ, ಆದರೆ ಅಕ್ಷರ ಒಂದಕ್ಕೊಂದು ಹೆಣೆದುಕೊಂಡು ಹೋಗುವ ಬರಹ. ಮೊದಲ ದಿನ ಒಂದು ಸಾಲೂ ಕೂಡಿಸಲು ಆಗಲಿಲ್ಲ. ಮೂರನೆಯ ದಿನ "ಮುಡಿ" ಎಂಬ ಪದ ಸಿಕ್ಕಿತು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಗೇಣಿ ಅಂತ. ಒಂದು ಮುಡಿ ಅಂದರೆ 42 ಸೇರು, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ. ಅಜ್ಜಿ ಪಕ್ಕದಲ್ಲಿ ಕೂತು, ಆ ಮುಡಿಗಳನ್ನು ತಲೆಯ ಮೇಲೆ ಹೊತ್ತು ಧಣಿಗಳ ಮನೆಗೆ ಮುಟ್ಟಿಸುತ್ತಿದ್ದವರ ಹೆಸರು ಒಂದೊಂದೇ ಹೇಳಿದರು. ಹೊತ್ತವರ ಹೆಸರು ಆ ಚೀಟಿನಲ್ಲಿ ಇರಲಿಲ್ಲ. ನನಗೆ ಇತಿಹಾಸ ಅಂದರೆ ಏನು ಅಂತ ಅರ್ಥವಾದದ್ದು ಅವತ್ತು.

ಇಂಥ ಕಾಗದ ನಿಮ್ಮ ಮನೆಯಲ್ಲೂ, ನೆರೆಮನೆಯಲ್ಲೂ ಇರಬಹುದು. ಮಲಯಾಳ ಮಾತ್ರ ಬರುವ ವಿದ್ಯಾರ್ಥಿಗೆ ಅದು ಓದಲು ಬರುವುದಿಲ್ಲ. ಮಂಗಳೂರು, ಬೆಂಗಳೂರಿನಲ್ಲಿ ಓದುವವರಿಗೆ ಅದು ಇಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆ ಜಿಲ್ಲೆ ಇದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯ, ಆಮೇಲೆ ಮದ್ರಾಸ್ ರಾಜ್ಯದ ಆಡಳಿತದಲ್ಲಿ. ಹಾಗಾಗಿ ನಮ್ಮ ಊರಿನ ಹಳೆ ಕಡತ ಹುಡುಕುವವರು ಮಂಗಳೂರಿಗೂ ಹೋಗಬೇಕು, ಚೆನ್ನೈ ಎಗ್ಮೋರಿನ ಪತ್ರಾಗಾರಕ್ಕೂ ಹೋಗಬೇಕು. ಕೇರಳದ ಇತಿಹಾಸ ಅಂತ ಓದುವಾಗ ತಿರುವಾಂಕೂರು, ಕೊಚ್ಚಿ, ಮಲಬಾರು ಅಂತ ಮೂರು ಭಾಗ ಬರುತ್ತದೆ, ನಾವು ಆ ಮೂರರಲ್ಲೂ ಸರಿಯಾಗಿ ಕೂರುವುದಿಲ್ಲ. ಬೇಕಲ ಕೋಟೆ ಕಟ್ಟಿಸಿದ್ದು ಇಕ್ಕೇರಿಯ ಶಿವಪ್ಪ ನಾಯಕ. ಇಕ್ಕೇರಿಯ ಬಗ್ಗೆ ಏನೂ ಓದದೆ ಬೇಕಲವನ್ನು ಹೇಗೆ ಅರ್ಥ ಮಾಡಿಕೊಳ್ಳುವುದು, ಅಲ್ವಾ?

ಹಾಗಾಗಿ ನನ್ನ ಮೊದಲ ಸಲಹೆ, ನಿಮ್ಮ ಕಾಲೇಜಿನಲ್ಲಿ ಕನ್ನಡ ವಿಭಾಗ ಇದ್ದರೆ ಎಇಸಿಯಲ್ಲಿ ಕನ್ನಡವನ್ನೇ ತಗೊಳ್ಳಿ, ಮೈನರಿನಲ್ಲಿ ಸಿಕ್ಕರೂ ಗಂಭೀರವಾಗಿ ಯೋಚಿಸಿ. "ಕನ್ನಡ ಹೇಗೂ ಗೊತ್ತಲ್ಲ, ಮತ್ತೆ ಯಾಕೆ" ಅನ್ನುವವರ ಮಾತು ಕೇಳಬೇಡಿ. ಮಾತಾಡಲು ಬರುವುದು ಬೇರೆ, ಹಳಗನ್ನಡದ ಶಾಸನದ ಒಂದು ಸಾಲು ಬಿಡಿಸಲು ಬರುವುದು ಬೇರೆ. ಕೆಲಸದ ದೃಷ್ಟಿಯಿಂದಲೂ ಇದು ಸೋಲಲ್ಲ. ಕೇರಳ ಪಿ.ಎಸ್.ಸಿ. ಕನ್ನಡ ಮಾಧ್ಯಮದ ಸಮಾಜ ವಿಜ್ಞಾನ ಅಧ್ಯಾಪಕರ ಹುದ್ದೆಗೆ ಬೇರೆಯೇ ಅರ್ಜಿ ಕರೆಯುತ್ತದೆ. ಅದರ ಹಳೆಯ ಅಧಿಸೂಚನೆ ಒಂದನ್ನು ಈಗಲೇ ಹುಡುಕಿ, ಅರ್ಹತೆಯ ಭಾಗ ಓದಿಟ್ಟುಕೊಳ್ಳಿ.

ಎರಡನೆಯ ಮೈನರಿಗೆ ನಾನು ಅರ್ಥಶಾಸ್ತ್ರ ಹೇಳುತ್ತೇನೆ. ಕಷ್ಟ ಅಂತ ಮಕ್ಕಳು ಬಿಟ್ಟುಬಿಡುತ್ತಾರೆ, ನನಗೆ ಬೇಜಾರಾಗುತ್ತದೆ. ಅದೇ ಮೂಲಗೇಣಿ, ಚಾಲಗೇಣಿಯ (ಕಾಯಂ ಅಲ್ಲದ, ಧಣಿ ಬಿಡಿಸಬಹುದಾದ ಗೇಣಿಯ) ವಿಷಯ ನೋಡಿ. ಗಡಿಯ ತಲಪಾಡಿಯ ಈಚೆ ಕಡೆ ಕೇರಳದ ಕಾನೂನಿನಿಂದ ಗೇಣಿ ಪದ್ಧತಿ 1970ರ ಜನವರಿ 1ಕ್ಕೆ ಮುಗಿಯಿತು. ಆಚೆ ಕಡೆ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಒಂದೇ ಪದ್ಧತಿ, ಒಂದೇ ಜನ, ಎರಡೂ ಕಡೆ ನೆಂಟರು, ನಡುವೆ ನಾಲ್ಕು ವರ್ಷದ ಅಂತರ. ಒಕ್ಕಲಿಗೆ ಎಲ್ಲಿ ಏನು ಸಿಕ್ಕಿತು, ಧಣಿಗಳು ಅಡಿಕೆ ತೋಟ ಹೇಗೆ ಉಳಿಸಿಕೊಂಡರು ಎಂದು ಕೇಳಲು ಇಸವಿ ಗೊತ್ತಿದ್ದರೆ ಸಾಲದು, ಗೇಣಿ, ಬೆಲೆ, ಸಾಲದ ಲೆಕ್ಕ ಗೊತ್ತಿರಬೇಕು. ನಾಲ್ಕನೆಯ ವರ್ಷದ ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ವಿಷಯ ನಿಮ್ಮ ಮನೆ ಬಾಗಿಲಲ್ಲೇ ಸಿಗುವುದು ಕಷ್ಟ. ಅಂದ ಹಾಗೆ, ಸಂಶೋಧನೆಯ ಆನರ್ಸ್ ಬೇಕಿದ್ದರೆ ಮೊದಲ ಆರು ಸೆಮಿಸ್ಟರಿನಲ್ಲಿ 75% ಬೇಕು. ಮೊದಲ ಸೆಮಿಸ್ಟರಿನಿಂದಲೇ ನೆನಪಿರಲಿ.

ರಾಜ್ಯಶಾಸ್ತ್ರ ಕೂಡ ಚೆನ್ನಾಗಿ ಹೊಂದುತ್ತದೆ. ರಾಜ್ಯ ಪುನರ್ವಿಂಗಡಣೆ ಏನು, ರಾಜ್ಯಗಳ ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಬೇಕು ಎಂದದ್ದು ಯಾಕೆ, ಅದು ಯಾಕೆ ಜಾರಿಗೆ ಬರಲಿಲ್ಲ, ಇದನ್ನೆಲ್ಲ ಬರೀ ಭಾವನೆಯಿಂದ ಮಾತಾಡದೆ ಓದಿ ಮಾತಾಡಬಹುದು. ಅರ್ಥಶಾಸ್ತ್ರದ ಅಂಕಿಗಳು ನಿಮಗೆ ನಿಜವಾಗಿಯೂ ಭಯ ಹುಟ್ಟಿಸಿದರೆ ಇದನ್ನು ತಗೊಳ್ಳಿ.

ಎಂಡಿಸಿಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಕಂಪ್ಯೂಟರ್ ಅಥವಾ ಭೂಗೋಳಕ್ಕೆ ಸೇರಿದ್ದು ಸಿಕ್ಕರೆ ಒಳ್ಳೆಯದು. ನಕ್ಷೆ ಓದಲು ಬಂದರೆ ಮುಂದೆ ತುಂಬ ಉಪಯೋಗ.

ನೋಂದಣಿಯ ವಿಷಯ. ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನಮ್ಮ ಕಾಲದಲ್ಲಿ ಐದನೆಯ ಸೆಮಿಸ್ಟರಿನಲ್ಲಿ ಒಂದು ಓಪನ್ ಕೋರ್ಸ್ ಇತ್ತು, ಬೇರೆ ವಿಭಾಗದ್ದು ಆರಿಸಬೇಕು. ನಾನು ಓದಿದ ಕಾಲೇಜಿನಲ್ಲಿ ನೋಟಿಸ್ ಹಾಕಿ ಮೂರೇ ದಿನ ಕೊಟ್ಟರು. ಜೋರು ಮಳೆ, ಬಸ್ಸು ಸರಿಯಾಗಿ ಇರಲಿಲ್ಲ, ನಾನು ಮನೆಯಲ್ಲಿದ್ದೆ. ಹೋಗಿ ನೋಡುವಾಗ ನನಗೆ ಬೇಕಿದ್ದ ಪೇಪರಿನ ಸೀಟು ತುಂಬಿತ್ತು. ಉಳಿದದ್ದಕ್ಕೆ ನನ್ನ ಹೆಸರು ಬರೆದಿದ್ದರು. ಒಂದು ಸೆಮಿಸ್ಟರ್ ಹೋಯಿತು, ಈಗಲೂ ನೆನೆದರೆ ನೋವಾಗುತ್ತದೆ.

ಈಗ ಎಲ್ಲ ಕೆ-ರೀಪ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಅದು ತೆರೆಯುವ ಮೊದಲೇ ಕಾಲೇಜಿಗೆ ಹೋಗಿ, ಈ ವರ್ಷ ನಿಮ್ಮಲ್ಲಿ ಯಾವ ಯಾವ ಮೈನರ್ ನಿಜವಾಗಿ ನಡೆಯುತ್ತದೆ ಎಂದು ವಿಭಾಗದಲ್ಲೇ ಕೇಳಿ. ವಿಶ್ವವಿದ್ಯಾಲಯದ ಸಿಲೆಬಸ್ಸಿನಲ್ಲಿ ನೂರು ಪೇಪರ್ ಇರಬಹುದು. ಪಾಠ ಮಾಡುವವರು ಇಲ್ಲದಿದ್ದರೆ, ಸಾಕಷ್ಟು ಮಕ್ಕಳು ಸೇರದಿದ್ದರೆ, ಅದು ನಿಮ್ಮ ಪಾಲಿಗೆ ಇಲ್ಲ. ಎರಡು ಪೇಪರ್ ಒಂದೇ ಹೊತ್ತಿಗೆ ಬರುತ್ತದೆಯೇ ಅಂತ ಟೈಮ್ ಟೇಬಲ್ ಕೇಳಿ. ಕೋರ್ಸ್ ಕೋಡಿನಲ್ಲಿ 100ರ ಸಾಲಿನದು ಆರಂಭದ ಮಟ್ಟ, 200, 300 ಆಮೇಲಿನದು. ಮುಂದೆ 300ರ ಮಟ್ಟದಲ್ಲಿ ಬೇಕಾದ ಪೇಪರಿಗೆ ಈಗ ಯಾವುದನ್ನು ಓದಿರಬೇಕು ಅಂತ ಸಿಲೆಬಸ್ಸಿನಲ್ಲೇ ಬರೆದಿರುತ್ತದೆ, ಅದನ್ನು ತಪ್ಪದೆ ನೋಡಿ.

ಒಂದೇ ಆಯ್ಕೆ ಇಟ್ಟುಕೊಂಡು ಹೋಗಬೇಡಿ. ಮೊದಲ, ಎರಡನೆಯ, ಮೂರನೆಯ ಆಯ್ಕೆಯನ್ನು ಕೋಡ್ ಸಮೇತ ಕಾಗದದಲ್ಲಿ ಬರೆದುಕೊಳ್ಳಿ. ಅಕ್ಷಯ ಕೇಂದ್ರದಲ್ಲಿ (ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಕೇಂದ್ರ) ತುಂಬಿಸುವುದಾದರೆ ಆ ಚೀಟಿ ಎದುರಿಗಿಟ್ಟು ಕುಳಿತುಕೊಳ್ಳಿ. ಅವರಿಗೆ ಹಿಂದೆ ಕ್ಯೂ ಇರುತ್ತದೆ, "ಇದೇ ಹಾಕಲಾ?" ಅಂದಾಗ ಹೂಂ ಅಂದುಬಿಟ್ಟರೆ ಆಯಿತು. ಸಬ್ಮಿಟ್ ಒತ್ತುವ ಮೊದಲು ಸ್ಕ್ರೀನಿನ ಮೇಲೆ ಕೋಡ್ ನೀವೇ ಓದಿ, ಆಮೇಲೆ ಪ್ರಿಂಟ್ ತಗೊಳ್ಳಿ. ತಪ್ಪಾಗಿದ್ದರೆ ಅದೇ ದಿನ ಕಾಲೇಜಿಗೆ ಬರೆದುಕೊಡಿ, ನಾಳೆ ಅನ್ನಬೇಡಿ.

ಪಾಠ ಇಂಗ್ಲಿಷಿನಲ್ಲಿ ಇರುತ್ತದೆ, ಮೊದಲ ಎರಡು ತಿಂಗಳು ಕಷ್ಟವಾಗುತ್ತದೆ. ನನಗೂ ಆಗಿತ್ತು. ಪ್ರತಿ ಪಾಠವನ್ನೂ ಅವತ್ತೇ ಸಂಜೆ ಕನ್ನಡದಲ್ಲಿ ಒಂದು ಪುಟ ಬರೆದುಕೊಳ್ಳುತ್ತಿದ್ದೆ, ಪರೀಕ್ಷೆಯ ಹೊತ್ತಿಗೆ ಅದೇ ಕೈಹಿಡಿಯಿತು.

ನಿಮ್ಮ ಕಾಲೇಜಿನ ಮೈನರ್ ಪಟ್ಟಿ ಸಿಕ್ಕ ಕೂಡಲೇ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ. ಅಷ್ಟರೊಳಗೆ ಮನೆಯಲ್ಲಿ ಹಳೆ ಚೀಟು, ಪಟ್ಟೆ, ತಾಳೆಗರಿ ಏನಾದರೂ ಇದೆಯಾ ಅಂತ ಅಜ್ಜ ಅಜ್ಜಿಯರನ್ನು ಕೇಳಿ. ಸಿಕ್ಕರೆ ಎಳೆದು ಬಿಡಿಸಬೇಡಿ, ಮಡಿಕೆಯಲ್ಲಿ ಹರಿಯುತ್ತದೆ. ಬಿಸಿಲು ನೇರ ಬೀಳದ ಜಾಗದಲ್ಲಿ ಮೆಲ್ಲಗೆ ಹರಡಿ ಫೋಟೋ ತೆಗೆದಿಡಿ. ಈ ಮಳೆಗಾಲದ ಒಳಗೆ ಮಾಡಿ, ಗೆದ್ದಲು ಕಾಯುವುದಿಲ್ಲ.